34ಕ್ಕೇ ಪಾರ್ಕಿನ್ಸನ್: ಅತ್ತಿಗೆಯನ್ನು ಬೈಯುವುದು ಬಿಡಿ

ಪ್ರಶ್ನೆ: ಅಣ್ಣನಿಗೆ 34 ವರ್ಷ. ಮದುವೆಯಾದ ವರ್ಷವೇ ಬಲಗೈ ನಡುಗತೊಡಗಿತು. ಈಗ ಪಾರ್ಕಿನ್ಸನ್ ಅಂದಿದ್ದಾರೆ. ಅಪ್ಪ-ಅಮ್ಮನಿಗೆ ಏನೂ ಇಲ್ಲ. ಅಪ್ಪ ಅಮ್ಮನಿಗೆ ಸೋದರಮಾವನೇ ಆಗಬೇಕು. ಊರವರು ಅತ್ತಿಗೆಯ ಕಾಲ್ಗುಣ ಅನ್ನುತ್ತಾರೆ. ನನಗೂ ಬರುತ್ತಾ? ಅಣ್ಣನ ಮಗಳನ್ನು ಮುಂದೆ ನನ್ನ ಮಗನಿಗೆ ತರುವ ಮಾತಿದೆ.
– ಓದುಗರು, ಸಿಂಧನೂರು

ಉತ್ತರ: ಮೊದಲು ಆ ಹೆಣ್ಣುಮಗಳನ್ನು ದೂರುವುದು ನಿಲ್ಲಿಸಿ ತಾಯಿ. ನಮ್ಮ ಬಳ್ಳಾರಿ, ರಾಯಚೂರು ಕಡೆ ಈ ಕಾಲ್ಗುಣದ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಕೈ ನಡುಗುವ ಹೊತ್ತಿಗೆ ನಡುಮಿದುಳಿನಲ್ಲಿ ಡೋಪಮಿನ್ (ಕೈಕಾಲಿನ ಚಲನೆ ಹದವಾಗಿಡುವ ರಾಸಾಯನಿಕ) ತಯಾರಿಸುವ ಎಷ್ಟೋ ಜೀವಕೋಶಗಳು ಸತ್ತಿರುತ್ತವೆ. ಅಂದರೆ ಅತ್ತಿಗೆ ಹೊಸ್ತಿಲು ತುಳಿಯುವ ಮುಂಚೆಯೇ ಕಾಯಿಲೆ ಶುರುವಾಗಿತ್ತು.

ಇಷ್ಟು ಚಿಕ್ಕ ವಯಸ್ಸು, ರಕ್ತಸಂಬಂಧದ ಮದುವೆ, ಗಟ್ಟಿಮುಟ್ಟಾದ ತಂದೆ-ತಾಯಿ. ನನ್ನ ಅನುಮಾನ ಪಾರ್ಕಿನ್ ಎಂಬ ಜೀನ್ (ವಂಶವಾಹಿ) ಮೇಲೆ. 1998ರಲ್ಲಿ ಜಪಾನಿನ ವಿಜ್ಞಾನಿಗಳು ಇದನ್ನು ಗುರುತಿಸಿದರು. ಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾ ಕೆಟ್ಟರೆ ಪಿಂಕ್-1 ಎಂಬ ಪ್ರೋಟೀನ್ ಅದರ ಮೇಲೆ ಕೂತು ಪಾರ್ಕಿನ್ ಪ್ರೋಟೀನನ್ನು ಕರೆಯುತ್ತದೆ. ಪಾರ್ಕಿನ್ ಗುರುತು ಹಚ್ಚಿದ ಮೇಲೆ ಕೋಶ ಅದನ್ನು ವಿಲೇವಾರಿ ಮಾಡುತ್ತದೆ. ಪಾರ್ಕಿನ್ ಇಲ್ಲದಿದ್ದರೆ ಕೆಟ್ಟದ್ದು ಅಲ್ಲೇ ಉಳಿಯುತ್ತದೆ, ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಬೂದಿ ಎತ್ತದೆ ಬಿಟ್ಟ ಹಾಗೆ. ಡೋಪಮಿನ್ ಕೋಶಗಳಿಗೆ ಶಕ್ತಿ ಜಾಸ್ತಿ ಬೇಕು. ಅದಕ್ಕೇ ಪೆಟ್ಟು ಅವಕ್ಕೆ ಜೋರು.

ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುವ ಈ ಜೀನಿನ ಎರಡು ಪ್ರತಿಯಲ್ಲಿ ಒಂದು ಸರಿಯಿದ್ದರೂ ಸಾಮಾನ್ಯವಾಗಿ ಕಾಯಿಲೆ ಬರದು. ನಿಮ್ಮ ಅಪ್ಪ-ಅಮ್ಮನದು ಹಾಗಿರಬೇಕು. ಎರಡೂ ಕೆಟ್ಟದ್ದೇ ಸಿಗುವ ಸಾಧ್ಯತೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು.

ಆದರೆ ಜೀನ್ ಟೆಸ್ಟಿಗೆ ಓಡುವ ಮುಂಚೆ, ವಿಲ್ಸನ್ ಕಾಯಿಲೆ ಅಲ್ಲ ಅಂತ ಖಾತ್ರಿ ಮಾಡಿಕೊಂಡಿದ್ದಾರಾ ಕೇಳಿ. ಮೈಯಲ್ಲಿ ತಾಮ್ರ ಸೇರಿಕೊಂಡು ಬರುವ ಆ ನಡುಕಕ್ಕೆ ಔಷಧಿ ಇದೆ. ಅದನ್ನು ನೋಡದೆ ಬಿಡುವುದು ದೊಡ್ಡ ತಪ್ಪು. ಆಮೇಲೆ ಜೀನ್ ಟೆಸ್ಟ್ ಅಣ್ಣನಿಗೆ ಮಾಡಿಸಿ, ನಿಮಗಲ್ಲ. ಪಾರ್ಕಿನ್ ಜೀನಿನಲ್ಲಿ ದೊಡ್ಡ ತುಂಡೇ ಕಾಣೆಯಾಗಿರುವುದುಂಟು, ಎಲ್ಲ ಟೆಸ್ಟಿನಲ್ಲೂ ಅದು ಸಿಗುವುದಿಲ್ಲ. 'ಡಿಲೀಷನ್ ಕೂಡ ನೋಡುತ್ತೀರಾ?' ಅಂತ ಲ್ಯಾಬಿನವರನ್ನು ಕೇಳಿ. ಈ ಬಗೆಯ ಕಾಯಿಲೆ ನಿಧಾನ. ಮಿದುಳಿಗೆ ಹೋಗಿ ಡೋಪಮಿನ್ ಆಗುವ ಲೆವೊಡೋಪಾ ಗುಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಡೋಸ್ ಮಾತ್ರ ಸ್ವಂತಕ್ಕೆ ಏರಿಸಬೇಡಿ, ಮೈ ತಿರುಚತೊಡಗುತ್ತದೆ.

ಮಕ್ಕಳ ಮದುವೆ ಮಾತು? ಬೇಡ. ಪಾರ್ಕಿನ್ ಅಂತಾದರೆ ಅಣ್ಣನ ಮಗಳಲ್ಲಿ ಒಂದು ಕೆಟ್ಟ ಪ್ರತಿ ಇದ್ದೇ ಇರುತ್ತದೆ. ನಿಮ್ಮ ಮಗನಲ್ಲೂ ಇರಬಹುದು.

ಅಜ್ಜಿಗೆ 72ಕ್ಕೆ ಬಂದಿದೆ, ಮನೆಮಂದಿಯೆಲ್ಲ ಟೆಸ್ಟ್ ಮಾಡಿಸಬೇಕಾ? (ಗಂಗಾವತಿ)
ಬೇಡ.

ನಸುಗುನ್ನಿ ಪುಡಿ ತಿನ್ನಬಹುದಾ? (ಕುಷ್ಟಗಿ)
ಅದರಲ್ಲೂ ಲೆವೊಡೋಪಾ ಇದೆ, ಎಷ್ಟಿದೆ ಅಂತ ಪುಡಿ ಮಾರುವವನಿಗೆ ಗೊತ್ತಿಲ್ಲ. ಗುಳಿಗೆ ಜೊತೆ ತಿನ್ನಲೇಬೇಡಿ.

'ನರ ದೌರ್ಬಲ್ಯ' ಇಂಜೆಕ್ಷನ್ ಕೊಡುತ್ತೇವೆ, ಪೂರ್ತಿ ಗುಣ ಅಂತಾರೆ. (ಸಿರುಗುಪ್ಪ)
ಸತ್ತ ಕೋಶವನ್ನು ಬದುಕಿಸುವ ಇಂಜೆಕ್ಷನ್ ಇಲ್ಲ. ಆ ದುಡ್ಡಿಗೆ ಫಿಸಿಯೋಥೆರಪಿ ಮಾಡಿಸಿ.