ಎಡಿಟ್ ಮಾಡಿದ ಮದುವೆ ವಿಡಿಯೋವನ್ನು ಲ್ಯಾಪ್‌ಟಾಪ್‌ನಿಂದ ವಿಎಚ್‌ಎಸ್ ಕ್ಯಾಸೆಟ್‌ಗೆ ಹಾಕುವುದು ಹೇಗೆ?

ಖಂಡಿತ ಆಗುತ್ತದೆ. ತಂಗಿ ಮದುವೆಯ ವಿಡಿಯೋ ಎಡಿಟ್ ಆಗಿದೆ, ಊರಲ್ಲಿರುವ ಅಜ್ಜಿಗೆ ಕ್ಯಾಸೆಟ್ ಹಾಕಿ ನೋಡುವುದೇ ಅಭ್ಯಾಸ, ಅದಕ್ಕೇ ಕ್ಯಾಸೆಟ್‌ನಲ್ಲೇ ಕೊಡಬೇಕು ಅಂದಿದ್ದೀರಿ. 2003ರಿಂದ ಐದಾರು ವರ್ಷ ನಾನು ಮದುವೆ ವಿಡಿಯೋ ಎಡಿಟಿಂಗ್ ಮಾಡುತ್ತಿದ್ದೆ. ಆಗ ಇದು ದಿನಾ ಮಾಡುವ ಕೆಲಸ.

ಮೊದಲು ಒಂದು ನೋಡಿಕೊಳ್ಳಿ. ಅಜ್ಜಿ ಮನೆಯಲ್ಲಿರುವುದು ವಿಸಿಆರೋ, ವಿಸಿಪಿಯೋ? ನಮ್ಮ ಕಡೆ ಜಾಸ್ತಿ ಮನೆಗಳಲ್ಲಿ ಇದ್ದದ್ದು ವಿಸಿಪಿ. ಅದು ಕ್ಯಾಸೆಟ್ ಓಡಿಸುತ್ತದೆ, ರೆಕಾರ್ಡ್ ಮಾಡುವುದಿಲ್ಲ. ರೆಕಾರ್ಡ್ ಬಟನ್ ಇಲ್ಲ ಅಂದರೆ ಯಾರ ಹತ್ತಿರವಾದರೂ ವಿಸಿಆರ್ ಕೇಳಿ ತನ್ನಿ.

ಇದು ಪೆನ್‌ಡ್ರೈವ್‌ಗೆ ಫೈಲ್ ಹಾಕಿದ ಹಾಗಲ್ಲ. ಈ ಕಡೆ ಲ್ಯಾಪ್‌ಟಾಪ್‌ನಲ್ಲಿ ವಿಡಿಯೋ ಓಡಬೇಕು, ಆ ಕಡೆ ವಿಸಿಆರ್ ರೆಕಾರ್ಡ್ ಮಾಡಿಕೊಳ್ಳಬೇಕು. ಎರಡು ಗಂಟೆಯ ಮದುವೆಗೆ ಎರಡು ಗಂಟೆ ಬೇಕೇ ಬೇಕು. ಆ ಹೊತ್ತಲ್ಲಿ ಲ್ಯಾಪ್‌ಟಾಪ್‌ನಲ್ಲಿ ಕಂಡದ್ದು, ಕೇಳಿದ್ದು ಎಲ್ಲವೂ ಟೇಪಿಗೆ ಹೋಗುತ್ತದೆ. ಒಮ್ಮೆ ರೆಕಾರ್ಡಿಂಗ್‌ಗೆ ಬಿಟ್ಟು ನಾನು ಟೀ ಕುಡಿಯಲು ಹೋಗಿದ್ದೆ. ಮಾಂಗಲ್ಯಧಾರಣೆ, ಗಟ್ಟಿಮೇಳ ಜೋರಾಗಿದೆ, ನಡುವೆ ಕಂಪ್ಯೂಟರಿನ 'ಟಿಂಗ್' ಸದ್ದು. ಹುಡುಗಿಯ ಅಪ್ಪ ಕ್ಯಾಸೆಟ್ ವಾಪಸ್ ತಂದಾಗ ಅವರ ಮುಖ ನೋಡಲಾಗಲಿಲ್ಲ. ಪೂರ್ತಿ ಹೊಸದಾಗಿ ರೆಕಾರ್ಡ್ ಮಾಡಿಕೊಟ್ಟೆ. ಹಾಗಾಗಿ ವೈಫೈ, ನೋಟಿಫಿಕೇಶನ್, ಸ್ಕ್ರೀನ್‌ಸೇವರ್, ಸ್ಲೀಪ್ ಎಲ್ಲ ಆಫ್ ಮಾಡಿ. ಚಾರ್ಜರ್ ಹಾಕಿರಲಿ. ನೀವೂ ಪಕ್ಕದಲ್ಲೇ ಕೂತಿರಿ.

ಲ್ಯಾಪ್‌ಟಾಪ್‌ಗೂ ವಿಸಿಆರ್‌ಗೂ ನಡುವೆ ಹಾಕಲು ಅಂಗಡಿಯಲ್ಲಿ 'ಎಚ್‌ಡಿಎಂಐ ಟು ಎವಿ' ಕನ್ವರ್ಟರ್ ಕೇಳಿ. 'ಎವಿ ಟು ಎಚ್‌ಡಿಎಂಐ' ಕೂಡ ನೋಡಲು ಹಾಗೇ ಇರುತ್ತದೆ, ಆದರೆ ಅದು ಉಲ್ಟಾ ಕೆಲಸದ್ದು. ಕನ್ವರ್ಟರ್ ಪಕ್ಕದಲ್ಲಿರುವ ಸ್ವಿಚ್ ಪಾಲ್ (PAL, ನಮ್ಮ ದೇಶದ ಹಳೆ ಟಿವಿಗಳ ಪದ್ಧತಿ) ಕಡೆಗಿರಲಿ. ಹಳದಿ, ಬಿಳಿ, ಕೆಂಪು ಪಿನ್‌ಗಳನ್ನು ವಿಸಿಆರ್‌ನ 'ಇನ್' ಕಡೆ ಹಾಕಿ, ವಿಸಿಆರ್ ಅನ್ನು ಎವಿ ಚಾನೆಲ್‌ಗೆ ತನ್ನಿ. ಆಡಿಯೋಗೆ ಒಂದೇ ತೂತಿದ್ದರೆ ಬಿಳಿ ಪಿನ್ ಸಾಕು. ಆಗ ಎಕ್ಸ್‌ಪೋರ್ಟ್ ಮಾಡುವಾಗಲೇ ಆಡಿಯೋ ಮೊನೊ ಮಾಡಿಬಿಡಿ, ಅಂದರೆ ಎಡ ಬಲದ ಸದ್ದು ಒಂದಾಗಿ ಸೇರಲಿ, ಇಲ್ಲದಿದ್ದರೆ ಬಲಗಡೆಯ ಸದ್ದು ಟೇಪಿಗೆ ಬರುವುದೇ ಇಲ್ಲ.

ಚಿತ್ರವನ್ನು ಟಿವಿಗೆ ತಕ್ಕಂತೆ ಸಿದ್ಧ ಮಾಡುವುದೇ ಇದರಲ್ಲಿ ಮುಖ್ಯ, ಜನ ಬಿಟ್ಟುಬಿಡುವುದೂ ಅದನ್ನೇ. ಪಾಲ್ ಅಂದರೆ ಸೆಕೆಂಡಿಗೆ 25 ಫ್ರೇಮ್. ಮೊಬೈಲ್‌ನಲ್ಲಿ 30ರಲ್ಲಿ ತೆಗೆದದ್ದಿದ್ದರೆ ಎಡಿಟಿಂಗ್‌ನಲ್ಲೇ 25ಕ್ಕೆ ತಂದು, ಓಡಿಸಿ ನೋಡಿ. ಹಳೆ ಟಿವಿ ಚಿತ್ರದ ನಾಲ್ಕೂ ಅಂಚನ್ನು ಸ್ವಲ್ಪ ನುಂಗುತ್ತದೆ. ಹುಡುಗ ಹುಡುಗಿಯ ಹೆಸರನ್ನು ತೀರಾ ಕೆಳಗೆ ಅಂಚಿಗೆ ಹಾಕಿದ್ದರೆ 'ಚಿ. ಸೌ.' ಅರ್ಧ ಕಾಣದೇ ಹೋಗುತ್ತದೆ. ಸುತ್ತಲೂ ಹತ್ತರಲ್ಲಿ ಒಂದು ಪಾಲು ಜಾಗ ಬಿಟ್ಟು ಹೆಸರು ಹಾಕಿ. ಅಕ್ಷರ ದಪ್ಪಗಿರಲಿ, ವಿಎಚ್‌ಎಸ್‌ನಲ್ಲಿ ಸಣ್ಣ ಅಕ್ಷರ ಕಲಸಿಹೋಗುತ್ತದೆ. ಕೆಂಪು ಬಣ್ಣವೂ ಹರಡುತ್ತದೆ, ಬಿಳಿ ಒಳ್ಳೆಯದು. ಟಿವಿಯಲ್ಲಿ ಮುಖಗಳು ಉದ್ದುದ್ದ ಕಂಡರೆ ಅಗಲದ ಚಿತ್ರ ಹಿಂಡಿಹೋಗಿದೆ ಅಂತ ಅರ್ಥ. ಕನ್ವರ್ಟರ್ ಒಪ್ಪಿದರೆ ಲ್ಯಾಪ್‌ಟಾಪ್ ಔಟ್‌ಪುಟ್ 1024×768ಕ್ಕೆ ಇಡಿ. ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದೆ, ಮುಖ ಸರಿಯಾಗುತ್ತದೆ.

ಹೊಸ ಖಾಲಿ ಕ್ಯಾಸೆಟ್ ಸಿಗುವುದು ಕಷ್ಟ, ಹಳೆಯದರ ಮೇಲೆಯೇ ಮಾಡಿ. ಇ-180 ಅಂತಿದ್ದರೆ ಎಸ್‌ಪಿ (ಮಾಮೂಲಿ) ಸ್ಪೀಡ್‌ನಲ್ಲಿ ಮೂರು ಗಂಟೆ ಹಿಡಿಯುತ್ತದೆ. ಮಲೆನಾಡು, ಕರಾವಳಿಯ ಕ್ಯಾಸೆಟ್ ಆದರೆ ಕಿಟಕಿಯಲ್ಲಿ ಟೇಪ್ ಸುರುಳಿ ನೋಡಿ. ಬಿಳಿ ಬೂಷ್ಟು ಕಂಡರೆ ಅದನ್ನು ಹಾಕಲೇಬೇಡಿ, ವಿಸಿಆರ್ ಒಳಗೆ ಟೇಪ್ ಓದುವ ಹೆಡ್ ಹಾಳಾಗುತ್ತದೆ. ವಿಡಿಯೋದ ಶುರುವಿಗೆ ಹತ್ತು ಸೆಕೆಂಡ್ ಕಪ್ಪು ಇಡಿ. ಮೊದಲು ವಿಸಿಆರ್‌ನಲ್ಲಿ ರೆಕಾರ್ಡ್ ಒತ್ತಿ, ಆಮೇಲೆ ಲ್ಯಾಪ್‌ಟಾಪ್‌ನಲ್ಲಿ ಪ್ಲೇ.

ಎರಡು ನಿಮಿಷ ರೆಕಾರ್ಡ್ ಮಾಡಿ, ಅಜ್ಜಿ ಮನೆಯ ಟಿವಿಯಲ್ಲೇ ಹಾಕಿ ನೋಡಿ. ಸರಿ ಬಂದರೆ ಪೂರ್ತಿ ರೆಕಾರ್ಡ್ ಮಾಡಿ. ಮುಗಿದ ಮೇಲೆ ಕ್ಯಾಸೆಟ್ ಬೆನ್ನಿನ ಎಡಗಡೆ ಇರುವ ಪುಟ್ಟ ಪ್ಲಾಸ್ಟಿಕ್ ತುಂಡನ್ನು ಮುರಿದುಬಿಡಿ. ಆಮೇಲೆ ಯಾರು ತಪ್ಪಿ ರೆಕಾರ್ಡ್ ಒತ್ತಿದರೂ ಮದುವೆ ಅಳಿಸಿಹೋಗುವುದಿಲ್ಲ.