ರಜೆ ಹೋಗಲಿ, ಆದರೆ ಅಧಿಕಾರ ಕೊಟ್ಟು ಹೋಗಲಿ

ಯುದ್ಧ ನಡೆದಿರುವಾಗ ದೇಶ ನಡೆಸುವವರು ವಾರಗಟ್ಟಲೆ ರಜೆ ಹೋಗುವುದು ಸರಿಯಾ, ಗಡಿಯಲ್ಲಿರುವ ಸೈನಿಕನಿಗಿಲ್ಲದ ಆರಾಮ ಅವರಿಗೆ ಯಾಕೆ ಅಂತ ಕೇಳಿದ್ದೀರಿ. ಯುದ್ಧ ಅನ್ನೋ ಮಾತು ತೆಗೆದು ನೆರೆ ಅಂತ ಹಾಕಿದರೆ, 2019ರ ಆಗಸ್ಟ್‌ನಲ್ಲಿ ನಮ್ಮೂರಿನ ಜನ ನನಗೆ ಕೇಳಿದ್ದು ಇದನ್ನೇ.

ನಾನು ನವಲಗುಂದ ತಾಲೂಕಿನವನು. ನಮ್ಮದು ಬೆಣ್ಣಿಹಳ್ಳದ ದಂಡೆಯ ಊರು. ಆಗ ರೈತರ ಒಂದು ಸಹಕಾರಿ ಸಂಘಕ್ಕೆ ಅಧ್ಯಕ್ಷನಾಗಿದ್ದೆ. ಗೋದಾಮಿನ ತುಂಬಾ ಸದಸ್ಯರ ಕಡಲೆ ಇತ್ತು. ಹಿಂಗಾರಿ ಕಡಲೆ ಬಂದಾಗ ದರ ಬಿದ್ದಿತ್ತು. ಪಂಚಮಿ ಹಬ್ಬದ ಹೊತ್ತಿಗೆ ಏರಬಹುದು ಅಂತ ಜನ ಚೀಲ ಕಟ್ಟಿ ನಮ್ಮಲ್ಲಿ ಇಟ್ಟಿದ್ದರು. ಅದಕ್ಕೂ ಮುಂಚೆ ಸತತ ಬರ ನೋಡಿದ್ದ ಊರು ಅದು. ಸಾಲ, ಬೆಳೆವಿಮೆ, ಮೇವು ಅಂತ ಓಡಾಡಿ ನನ್ನ ರಕ್ತದೊತ್ತಡ ಹದ ತಪ್ಪಿತ್ತು. ಡಾಕ್ಟರು ಬಾಯಿಬಿಟ್ಟು ಹೇಳಿದರು, ಕೆಲಸ ಬಿಟ್ಟು ದೂರ ಹೋಗಿ ಇರ್ರಿ ಅಂತ. ಹೆಂಡತಿಯನ್ನು ಕರೆದುಕೊಂಡು ಪುಣೆಯಲ್ಲಿರುವ ಮಗಳ ಮನೆಗೆ ಹೋದೆ. ಬೇಗ ಬರುವ ವಿಚಾರ ಇರಲಿಲ್ಲ.

ಹೋಗಿದ್ದಕ್ಕೆ ಇವತ್ತಿಗೂ ನನಗೆ ಪಶ್ಚಾತ್ತಾಪ ಇಲ್ಲ. ತಪ್ಪು ಬೇರೆ ಇದೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ.

ಹೋಗುವ ಮುಂಚೆ ಆಡಳಿತ ಮಂಡಳಿ ಸಭೆ ಕರೆದು, ನಾನು ಬರುವವರೆಗೆ ಉಪಾಧ್ಯಕ್ಷರೇ ಎಲ್ಲ ನೋಡಿಕೊಳ್ಳಲಿ ಅಂತ ಒಂದು ಠರಾವು ಬರೆಸಿದ್ದರೆ ಸಾಕಾಗಿತ್ತು. ಅರ್ಧ ತಾಸಿನ ಕೆಲಸ. ಬರೆಸಲಿಲ್ಲ. ಮರೆತು ಬಿಟ್ಟಿದ್ದಲ್ಲ, ಬೇಕಂತಲೇ ಬಿಟ್ಟೆ. ಉಪಾಧ್ಯಕ್ಷರು ಹಿಂದಿನ ಚುನಾವಣೆಯಲ್ಲಿ ನನ್ನ ಎದುರಾಳಿ ಗುಂಪಿನವರು. ಅವರು ಒಂದು ತಿಂಗಳು ಚೆನ್ನಾಗಿ ನಡೆಸಿ ತೋರಿಸಿದರೆ ಜನ ಅವರ ಕಡೆ ವಾಲುತ್ತಾರೆ ಅನ್ನೋ ಹೆದರಿಕೆ ನನಗಿತ್ತು. ಹಾಗಾಗಿ ಗೋದಾಮು ನೋಡಿಕೊಳ್ಳುತ್ತಿದ್ದ ಹವಾಲ್ದಾರ್ ಕಾಕಾನನ್ನು ಕರೆದು ಬಾಯಿಮಾತಿನಲ್ಲಿ ಹೇಳಿದೆ: "ಕಾಕಾ, ಏನೇ ಬರಲಿ, ನನ್ನ ಕೇಳದ ಬಾಗಲಾ ತೆಗೀಬ್ಯಾಡ್ರಿ. ಫೋನ್ ಇರ್ತದಲ್ಲ." ಕಾಕಾ ಸೈನ್ಯದಿಂದ ನಿವೃತ್ತಿಯಾಗಿ ಬಂದವರು. ಹುಕುಂ ಅಂದರೆ ಅವರಿಗೆ ಹುಕುಂ.

ಆಗಸ್ಟ್ ಮೊದಲ ವಾರ ಮಳೆ ಹಿಡಿಯಿತು. ಧಾರವಾಡ, ಕುಂದಗೋಳ ಕಡೆ ಸುರಿದಿದ್ದೆಲ್ಲ ಬೆಣ್ಣಿಹಳ್ಳಕ್ಕೆ ಬರುತ್ತದೆ. ಹಳ್ಳ ಏರುವ ರೀತಿ ನೋಡಿಯೇ ಉಪಾಧ್ಯಕ್ಷರು ಟ್ರ್ಯಾಕ್ಟರ್‌ಗಳನ್ನು ಹೊಂದಿಸಿ ಗೋದಾಮಿನ ಮುಂದೆ ತಂದು ನಿಲ್ಲಿಸಿದರು. ಎತ್ತರದ ಜಾಗದಲ್ಲಿ ಅವರ ಬೀಗರ ಗೋದಾಮು ಖಾಲಿ ಇತ್ತು. ಚೀಲ ಅಲ್ಲಿಗೆ ಸಾಗಿಸೋಣ ಅಂದರು. ಕಾಕಾ ನನಗೆ ಫೋನ್ ಮಾಡಿದರು. ನಾನು ಏನು ಹೇಳಿದೆ ಗೊತ್ತಾ? "ನಾ ಬರ್ತೇನಿ, ಅಲ್ಲೀತನಕ ಕೈ ಹಚ್ಚಬ್ಯಾಡ್ರಿ." ನೂರಾರು ಮೈಲಿ ದೂರ ಕೂತು, ಹಳ್ಳ ಕಣ್ಣಿಗೆ ಕಾಣದೆ, ಹಾಗೆ ಹೇಳಿದೆ. ಬೀಗರ ಗೋದಾಮಿಗೆ ಕಡಲೆ ಹೋದರೆ ಹೆಸರೂ ಅವರಿಗೇ ಹೋಗುತ್ತದೆ ಅನ್ನೋದೇ ನನ್ನ ತಲೆಯಲ್ಲಿತ್ತು.

ಮರುದಿನ ಹೊರಟೆ. ಕೊಲ್ಹಾಪುರದ ಹತ್ತಿರ ಪಂಚಗಂಗೆ ತುಂಬಿ ಪುಣೆ–ಬೆಂಗಳೂರು ಹೆದ್ದಾರಿ ಬಂದ್ ಆಗಿತ್ತು. ಲಾರಿಗಳ ಸಾಲಿನ ಹಿಂದೆ ನಿಂತು ಫೋನ್ ಹಚ್ಚಿದರೆ ಊರಿಗೆ ಕರೆ ಹೋಗಲೊಲ್ಲದು. ಕರೆಂಟ್ ಹೋಗಿ ಟವರ್ ಸತ್ತಿತ್ತು. ಕಾಕಾ ಅಲ್ಲಿ ನನ್ನ ಮಾತಿಗೆ ಕಾಯುತ್ತಿದ್ದರು, ಇಲ್ಲಿ ನನ್ನ ಬಳಿ ಮಾತಿತ್ತು, ದಾರಿ ಇರಲಿಲ್ಲ.

ಎರಿ ಭೂಮಿ ಗೊತ್ತಿರುವವರಿಗೆ ಮುಂದಿನದು ಹೇಳಬೇಕಾಗಿಲ್ಲ. ಆ ಕರಿ ಮಣ್ಣು ಒಮ್ಮೆ ನೀರು ಕುಡಿಯಿತು ಅಂದರೆ ಖಾಲಿ ಟ್ರ್ಯಾಕ್ಟರ್ ಸಹ ಹೂತುಕೊಳ್ಳುತ್ತದೆ. ಚೀಲ ಸಾಗಿಸಲು ಸಮಯ ಇದ್ದಿದ್ದು ಆ ಒಂದು ದಿನ ಮಾತ್ರ. ಅದನ್ನು ನನ್ನ ಫೋನ್ ಮಾತು ತಿಂದು ಹಾಕಿತು. ರಾತ್ರಿ ಗೋದಾಮಿಗೆ ನೀರು ನುಗ್ಗಿತು. ಕೆಳಗಿನ ಸಾಲಿನ ಕಡಲೆ ಉಬ್ಬಿ ಚೀಲ ಹರಿದವು. ಆಸರೆ ತಪ್ಪಿ ಮೇಲಿನ ಸಾಲುಗಳೂ ನೀರಿಗೆ ಬಿದ್ದವು. ನಾನು ಊರು ಮುಟ್ಟಿದಾಗ ಕಾಳು ಮೊಳಕೆ ಬಂದು ನಾರುತ್ತಿತ್ತು. ಬರದಲ್ಲೂ ಉಳಿಸಿಕೊಂಡಿದ್ದ ಬೆಳೆ ಅದು. ಮಗಳ ಮದುವೆಗೆ ಅಂತ ಇಟ್ಟವರಿದ್ದರು. ರಾಜೀನಾಮೆ ಕೊಟ್ಟೆ. ಕೆಲವು ಮನೆಗಳವರು ಈಗಲೂ ನನ್ನ ಜೊತೆ ಮಾತಾಡುವುದಿಲ್ಲ. ಅದನ್ನು ತಪ್ಪು ಅನ್ನಲಾರೆ.

ಊರವರು ಬೈದಿದ್ದು "ಮಳೆಗಾಲದಾಗ ಪುಣೆಗೆ ಹೋಗಿ ಕುಂತಿದ್ದಿ" ಅಂತ. ಕಾಕಾ ಒಬ್ಬರೇ ಬೇರೆ ಮಾತು ಹೇಳಿದರು. "ಅಧ್ಯಕ್ಷರ, ನೀವು ಹೋಗಿದ್ದು ತಪ್ಪಲ್ರಿ. ಹೋದಮ್ಯಾಲೂ ಬಿಟ್ಟುಕೊಡಲಿಲ್ಲ ನೋಡ್ರಿ, ಅದು ತಪ್ಪು." ಅವರು ಹೇಳಿದ ಮೇಲೆಯೇ ನನಗೆ ಸೈನ್ಯದ ಕ್ರಮ ಗೊತ್ತಾಗಿದ್ದು. ಸೈನಿಕನಿಗೆ ರಜೆ ಇಲ್ಲ ಅಂದಿರಲ್ಲ, ಅದು ಸರಿಯಲ್ಲ. ಯುದ್ಧ ಶುರುವಾದಾಗ ರಜೆ ರದ್ದಾಗುತ್ತದೆ, ನಿಜ. ಆದರೆ ದೀರ್ಘ ಕಾಲದ ಕಾವಲಿನಲ್ಲಿ ರಜೆಯೂ ಇದೆ, ಸರದಿಯೂ ಇದೆ. ಸಿಯಾಚಿನ್‌ನ ಎತ್ತರದ ಠಾಣೆಗಳಲ್ಲಿ ಸುಮಾರು ಮೂರು ತಿಂಗಳಿಗೆ ತುಕಡಿ ಬದಲಿಸುತ್ತಾರೆ, ದಣಿದ ಮನುಷ್ಯ ಅಲ್ಲಿ ಅಪಾಯ ಅಂತ. ಬೆಟಾಲಿಯನ್ ಕಮಾಂಡರ್ ರಜೆ ಹೋದರೆ ಎರಡನೆಯ ಅಧಿಕಾರಿ ಅವರ ಜಾಗದಲ್ಲಿ ಕೂರುತ್ತಾರೆ. ಸಹಿಯೂ ಅವರದೇ, ಹೊಣೆಯೂ ಅವರದೇ. ಅದು ಪ್ರತಿಯೊಬ್ಬ ಜವಾನನಿಗೂ ಗೊತ್ತಿರುತ್ತದೆ.

ಆಮೇಲೆ ನಾನು ಯುದ್ಧಗಳ ಬಗ್ಗೆ ಓದಲು ಶುರು ಮಾಡಿದೆ. 1962ರ ಸೆಪ್ಟೆಂಬರ್‌ನಲ್ಲಿ ಈಗಿನ ಅರುಣಾಚಲದ ಗಡಿಯಲ್ಲಿದ್ದ ಧೋಲಾ ಠಾಣೆಯ ಹತ್ತಿರ ಚೀನೀಯರು ಬಂದಾಗ ನೆಹರೂ ಕಾಮನ್‌ವೆಲ್ತ್ ಸಮ್ಮೇಳನಕ್ಕೆ ಲಂಡನ್‌ಗೆ ಹೋದರು, ರಕ್ಷಣಾ ಮಂತ್ರಿ ಕೃಷ್ಣ ಮೆನನ್ ವಿಶ್ವಸಂಸ್ಥೆಗೆ ಅಂತ ನ್ಯೂಯಾರ್ಕ್‌ಗೆ ಹೋದರು, ಸೇನಾ ಕೇಂದ್ರದಲ್ಲಿ ಪ್ರಭಾವಿಯಾಗಿದ್ದ ಜನರಲ್ ಬಿ.ಎಂ. ಕೌಲ್ ಕಾಶ್ಮೀರದಲ್ಲಿ ರಜೆಯಲ್ಲಿದ್ದರು. ಜನ ಇದನ್ನೇ ಎತ್ತಿ ಆಡುತ್ತಾರೆ. ನನ್ನ ನಿದ್ದೆ ಕೆಡಿಸಿದ್ದು ಅದರ ಮುಂದಿನ ಕತೆ. ಅಕ್ಟೋಬರ್‌ನಲ್ಲಿ ಅದೇ ಕೌಲ್ ಅವರನ್ನು ಆ ಗಡಿ ಕಾಯುವ ದೊಡ್ಡ ಸೇನಾಪಡೆಯಾದ ನಾಲ್ಕನೇ ಕೋರ್‌ಗೆ ಮುಖ್ಯಸ್ಥರನ್ನಾಗಿ ಕಳಿಸಿದರು. ಎತ್ತರದ ಜಾಗದಲ್ಲಿ ಕಾಯಿಲೆ ಬಿದ್ದ ಅವರನ್ನು 18ರಂದು ದೆಹಲಿಗೆ ತಂದರು. 20ರಂದು ಚೀನಾ ದಾಳಿ ಮಾಡಿತು. ಅವರು ದೆಹಲಿಯ ಮನೆಯಲ್ಲಿ ಹಾಸಿಗೆಯ ಮೇಲೆ ಮಲಗಿಯೇ ಕೋರ್ ನಡೆಸುತ್ತಿದ್ದರು. ಅವರ ಜಾಗಕ್ಕೆ ಜನರಲ್ ಹರಬಖ್ಷ್ ಸಿಂಗ್ ಅವರನ್ನು ನೇಮಿಸುವ ಹೊತ್ತಿಗೆ ಧೋಲಾ ಹತ್ತಿರದ ನಮ್ಕಾ ಚು ಹೊಳೆಯ ದಂಡೆಯಲ್ಲಿದ್ದ ನಮ್ಮ ಬ್ರಿಗೇಡ್ ಮುಗಿದೇ ಹೋಗಿತ್ತು. ಕಾಯಿಲೆ ಯಾರ ತಪ್ಪೂ ಅಲ್ಲ. ಕಾಯಿಲೆ ಬಿದ್ದವರ ಕೈಯಲ್ಲೇ ಹುಕುಂ ಉಳಿಸಿದ್ದು ತಪ್ಪು. ಓದುವಾಗ ಪುಣೆಯಲ್ಲಿ ನಾನು ಹಿಡಿದು ಕೂತಿದ್ದ ಫೋನ್ ನೆನಪಾಗಿ ಪುಸ್ತಕ ಮುಚ್ಚಿಟ್ಟೆ.

ಕಾರ್ಗಿಲ್ ನೋಡಿ. 1999ರ ಮೇನಲ್ಲಿ ನುಸುಳುವಿಕೆ ಬೆಳಕಿಗೆ ಬರುವಾಗ ಸೇನಾ ಮುಖ್ಯಸ್ಥ ವಿ.ಪಿ. ಮಲಿಕ್ ಪೋಲೆಂಡ್, ಜೆಕ್ ದೇಶಗಳ ಪ್ರವಾಸದಲ್ಲಿದ್ದರು. ಅದು ಟೀಕೆಗೂ ಗುರಿಯಾಯಿತು. ಆದರೆ ಅವರ ಜಾಗದಲ್ಲಿ ಉಪಮುಖ್ಯಸ್ಥರು ಇದ್ದರು. ಸೈನ್ಯ ಅಷ್ಟರಲ್ಲೇ ತುಕಡಿಗಳನ್ನು ಕಳಿಸಲು ಶುರು ಮಾಡಿತ್ತು.

ಎದುರಾಳಿ ಹೆಸರು ಮಾಡಿಬಿಡುತ್ತಾನೆ ಅನ್ನೋ ನನ್ನ ಹೆದರಿಕೆಗೆ ಉತ್ತರ ಸಿಕ್ಕಿದ್ದು ಎರಡನೇ ಮಹಾಯುದ್ಧ ಕಾಲದ ಬ್ರಿಟನ್ ಪ್ರಧಾನಿ ಚರ್ಚಿಲ್ ಕತೆಯಲ್ಲಿ. 1943ರ ಡಿಸೆಂಬರ್‌ನಲ್ಲಿ ಟೆಹ್ರಾನ್ ಸಭೆ ಮುಗಿಸಿ ಬರುವಾಗ ಅವರಿಗೆ ನ್ಯುಮೋನಿಯಾ ಆಯಿತು. ಮೊರಾಕ್ಕೋದ ಮರಾಕೇಶ್‌ನಲ್ಲಿ ಉಳಿದು ಸುಧಾರಿಸಿಕೊಂಡು ಲಂಡನ್ ಮುಟ್ಟಿದ್ದು 1944ರ ಜನವರಿ 18ಕ್ಕೆ. ಅಷ್ಟು ದಿನ ಅಲ್ಲಿ ಮಂತ್ರಿಮಂಡಲ ನಡೆಸಿದ್ದು ಯಾರು? ಕ್ಲೆಮೆಂಟ್ ಆಟ್ಲಿ, ಯುದ್ಧಕಾಲದ ಸಮ್ಮಿಶ್ರ ಸರ್ಕಾರದಲ್ಲಿ ಉಪಪ್ರಧಾನಿಯಾಗಿದ್ದ ಎದುರಾಳಿ ಲೇಬರ್ ಪಕ್ಷದ ನಾಯಕ! ಮರಾಕೇಶ್‌ನಿಂದಲೂ ಚರ್ಚಿಲ್ ಕೆಲಸ ಮಾಡುತ್ತಲೇ ಇದ್ದರು, ಇಟಲಿಯ ಆಂಜಿಯೋ ದಾಳಿಯ ಚರ್ಚೆ ಅಲ್ಲೇ ನಡೆಯಿತು. ಆದರೆ ಅವರು ಇಲ್ಲ ಅಂತ ಲಂಡನ್ ನಿಲ್ಲಲಿಲ್ಲ. 1945ರ ಚುನಾವಣೆಯಲ್ಲಿ ಇದೇ ಆಟ್ಲಿ ಚರ್ಚಿಲ್‌ರನ್ನು ಸೋಲಿಸಿ ಪ್ರಧಾನಿಯಾದರು. ಅಂದರೆ ಹೆದರಿಕೆ ಸುಳ್ಳಲ್ಲ, ಅದು ನಿಜವೂ ಆಗಬಹುದು. ಆದರೂ ಕೊಡಬೇಕು. ಕುರ್ಚಿ ಹೋದರೆ ಒಬ್ಬನದು ಹೋಗುತ್ತದೆ.

ಇನ್ನು, ರಜೆ ಹೋಗದೇ ಇದ್ದರೆ ಎಲ್ಲ ಸರಿ ಇರುತ್ತದೆ ಅನ್ನೋದನ್ನೂ ನಾನು ಒಪ್ಪುವುದಿಲ್ಲ. 1944ರ ಜೂನ್ 6ರಂದು ನಾರ್ಮಂಡಿಯಲ್ಲಿ ಮಿತ್ರಸೈನ್ಯ ಇಳಿದಾಗ ಅಲ್ಲಿನ ಕಾವಲಿನ ಹೊಣೆ ಹೊತ್ತ ಜರ್ಮನ್ ಸೇನಾನಿ ರೋಮೆಲ್ ಹೆಂಡತಿಯ ಹುಟ್ಟುಹಬ್ಬಕ್ಕೆ ಮನೆಗೆ ಹೋಗಿದ್ದರು. ಇದು ಎಲ್ಲರಿಗೂ ಗೊತ್ತು. ಆದರೆ ಮೀಸಲು ಟ್ಯಾಂಕ್ ಪಡೆ ಹೊರಡಲು ಹಿಟ್ಲರನ ಒಪ್ಪಿಗೆಯೇ ಬೇಕಿತ್ತು. ಅವನು ಮಲಗಿದ್ದ. ಎಬ್ಬಿಸುವ ಧೈರ್ಯ ಯಾರಿಗೂ ಬರಲಿಲ್ಲ. ಒಪ್ಪಿಗೆ ಸಿಕ್ಕಿದ್ದು ಮಧ್ಯಾಹ್ನ ಕಳೆದ ಮೇಲೆ. ನನಗೆ ಅಲ್ಲಿ ಕಂಡಿದ್ದು ನಮ್ಮ ಗೋದಾಮಿನ ಮುಂದೆ ಸುಮ್ನೆ ನಿಂತಿದ್ದ ಟ್ರ್ಯಾಕ್ಟರ್‌ಗಳು.

ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ 1944ರ ಏಪ್ರಿಲ್‌ನಲ್ಲಿ ಹೃದಯದ ತೊಂದರೆಯಿಂದ ಸುಮಾರು ಒಂದು ತಿಂಗಳು ಸೌತ್ ಕೆರೊಲಿನಾದ ಎಸ್ಟೇಟ್ ಒಂದರಲ್ಲಿ ವಿಶ್ರಾಂತಿ ತೆಗೆದುಕೊಂಡರು. ಅದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಮುಂದಿನ ವರ್ಷ ಅವರು ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ ತೀರಿಕೊಂಡಾಗ ಉಪಾಧ್ಯಕ್ಷ ಟ್ರೂಮನ್‌ಗೆ ಅಣುಬಾಂಬ್ ತಯಾರಾಗುತ್ತಿರುವುದೇ ಗೊತ್ತಿರಲಿಲ್ಲ. 82 ದಿನ ಉಪಾಧ್ಯಕ್ಷರಾಗಿದ್ದವರಿಗೆ ಹೇಳಿರಲೇ ಇಲ್ಲ. ಇದನ್ನು ಕ್ಷಮಿಸಲು ನನಗಾಗುವುದಿಲ್ಲ.

ಮೋಜಿನ ರಜೆಯ ಮಾತು ಬೇರೆ. 2005ರ ಆಗಸ್ಟ್‌ನಲ್ಲಿ ಇರಾಕ್ ಯುದ್ಧ ನಡೆದಿರುವಾಗ ಅಮೆರಿಕದ ಅಧ್ಯಕ್ಷ ಬುಷ್ ಟೆಕ್ಸಾಸ್‌ನ ತಮ್ಮ ಜಮೀನಿನಲ್ಲಿ ವಾರಗಟ್ಟಲೆ ಇದ್ದರು. ಮಗನನ್ನು ಆ ಯುದ್ಧದಲ್ಲಿ ಕಳೆದುಕೊಂಡ ಸಿಂಡಿ ಶೀಹನ್ ಎಂಬ ತಾಯಿ ರಸ್ತೆ ಬದಿ ಟೆಂಟ್ ಹಾಕಿ ಕೂತರು. ಅಧಿಕಾರಿಗಳು ಬಂದು ಮಾತಾಡಿದರು, ಅಧ್ಯಕ್ಷರು ಬರಲಿಲ್ಲ. ಬರಬೇಕಿತ್ತು. ಸೈನಿಕನ ಮನೆಯ ನೋವು ನಮಗೂ ಗೊತ್ತು. ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ 2016ರ ಫೆಬ್ರುವರಿಯಲ್ಲಿ ಸಿಯಾಚಿನ್ ಹಿಮದಡಿಯಿಂದ ಜೀವಂತ ಸಿಕ್ಕಾಗ ನಮ್ಮ ಜಿಲ್ಲೆಯಲ್ಲಿ ಪೂಜೆ ಮಾಡಿಸದ ಊರಿಲ್ಲ. 11ರಂದು ಅವರು ತೀರಿಕೊಂಡ ಸುದ್ದಿ ಬಂತು. ಅಂಥ ಮನೆಯವರು ಬಾಗಿಲಿಗೆ ಬಂದಾಗ ಎದ್ದು ಹೊರಗೆ ಬರದ ನಾಯಕ ರಜೆಯಲ್ಲಿದ್ದರೂ ಅಷ್ಟೇ, ಕಚೇರಿಯಲ್ಲಿದ್ದರೂ ಅಷ್ಟೇ.

ನನ್ನ ಅಭಿಪ್ರಾಯ ಹೀಗಿದೆ. ಯುದ್ಧ ಶುರುವಾದ ಮೊದಲ ವಾರಗಳಲ್ಲಿ ಎಲ್ಲಿಗೂ ಹೋಗಬಾರದು, ಅದರಲ್ಲಿ ಎರಡು ಮಾತಿಲ್ಲ. ಯುದ್ಧ ವರ್ಷಗಟ್ಟಲೆ ಎಳೆದರೆ ಹೋಗಲೇಬೇಕು. ನಿದ್ದೆಗೆಟ್ಟು ರಕ್ತದೊತ್ತಡ ಏರಿಸಿಕೊಂಡವನು ಯುದ್ಧದ ನಿರ್ಧಾರ ಮಾಡುವುದು ನನಗೆ ಬೇಡ. ಅಂಥವನ ತಲೆ ಹೇಗೆ ಓಡುತ್ತದೆ ಅಂತ ನನಗೆ ಗೊತ್ತು. ಎಷ್ಟು ದಿನ ಹೋದರು ಅಂತ ಎಣಿಸುವುದನ್ನು ಬಿಡಿ, ಯಾರಿಗೆ ಕೊಟ್ಟು ಹೋದರು ಅಂತ ಕೇಳಿ.

ನಮ್ಮ ದೇಶದಲ್ಲಿ ಇದು ಇನ್ನೂ ಸಡಿಲವಾಗಿದೆ. ಸಂವಿಧಾನದಲ್ಲಿ ಉಪಪ್ರಧಾನಿ ಅನ್ನೋ ಹುದ್ದೆಯೇ ಇಲ್ಲ, ಹಂಗಾಮಿ ಪ್ರಧಾನಿಯ ಬಗ್ಗೆಯೂ ಏನೂ ಬರೆದಿಲ್ಲ. ಮುಂಬೈ ದಾಳಿ ನಡೆದು ಎರಡು ತಿಂಗಳಾಗಿದ್ದಾಗ, 2009ರ ಜನವರಿ 24ರಂದು, ಮನಮೋಹನ್ ಸಿಂಗ್ ಅವರಿಗೆ ಬೈಪಾಸ್ ಶಸ್ತ್ರಚಿಕಿತ್ಸೆ ಆಯಿತು. ಪಾಕಿಸ್ತಾನದ ಜೊತೆ ಬಿಸಿ ಇನ್ನೂ ಆರಿರಲಿಲ್ಲ. ಆಗ ಪ್ರಣಬ್ ಮುಖರ್ಜಿ ಸಂಪುಟ ಸಭೆ ನಡೆಸಿದರು, ಹಣಕಾಸು ಖಾತೆಯನ್ನೂ ನೋಡಿಕೊಂಡರು. ಕೆಲಸ ನಡೆಯಿತು, ಆದರೆ ಅದು ನಡೆದಿದ್ದು ಆ ಪ್ರಧಾನಿಯ ಮನಸ್ಸಿನಿಂದ. ಮುಂದಿನವರು ನನ್ನಂಥವರಾಗಿದ್ದರೆ? ಪ್ರಧಾನಿ ಒಂದು ವಾರಕ್ಕಿಂತ ಜಾಸ್ತಿ ದೂರ ಇರುವುದಾದರೆ, ನಿರ್ಧಾರ ಯಾರದು ಅಂತ ಹೆಸರು ಬರೆದು ಸಂಸತ್ತಿಗೆ ತಿಳಿಸಬೇಕು ಅನ್ನೋ ಕಾನೂನು ಬೇಕು. ನಿಮ್ಮ ಸಂಸದರಿಗೆ ಪತ್ರ ಬರೆಯುವುದಿದ್ದರೆ ಇದನ್ನು ಬರೆಯಿರಿ. ನಾನು ನಮ್ಮವರಿಗೆ ಬರೆದಿದ್ದೇನೆ, ಉತ್ತರ ಬಂದರೆ ಇಲ್ಲೇ ಹಾಕುತ್ತೇನೆ.