ಮಂಕಿ ಟಾಪ್ ಕಿತ್ತು ಹಾಕಿಸಲೇ?

ಪ್ರಶ್ನೆ: ಮಲ್ಲೇಶ್ವರದಲ್ಲಿ ತಾತ ಕಟ್ಟಿಸಿದ ಮನೆ ನಮ್ಮದು. ವರಾಂಡಕ್ಕೂ ಕಿಟಕಿಗಳಿಗೂ ಚೂಪಾದ ಮರದ ಟೋಪಿಗಳಿವೆ. ಪಟ್ಟಿಗಳು ಕೊಳೆತು ಉದುರುತ್ತಿವೆ. ಎಲ್ಲ ಕಿತ್ತು ಸಿಮೆಂಟ್ ಸಜ್ಜಾ ಹಾಕಿಸಿ ಅಂತಾರೆ ಮೇಸ್ತ್ರಿ. ಏನು ಮಾಡಲಿ? ಇದು ಯಾವ ಶೈಲಿ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ದಯವಿಟ್ಟು ಕೀಳಿಸಬೇಡಿ. ಮೇಸ್ತ್ರಿಗೆ ಒಂದು ವಾರ ತಡೆಯಲು ಹೇಳಿ.

ಬೆಂಗಳೂರಿನಲ್ಲಿ ಆ ಮರದ ಟೋಪಿಗೆ ‘ಮಂಕಿ ಟಾಪ್’ ಅನ್ನುತ್ತಾರೆ. ಹಳೇ ಗಾಥಿಕ್ ಚರ್ಚುಗಳ ಚೂಪು ಕಮಾನು, ಕಡಿದಾದ ಸೂರನ್ನು 18, 19ನೇ ಶತಮಾನಗಳಲ್ಲಿ ಇಂಗ್ಲೆಂಡಿನವರು ಮನೆಗಳಿಗೂ ತಂದರು. ಅದೇ ಗಾಥಿಕ್ ರಿವೈವಲ್. ದಂಡಿನ (ಬ್ರಿಟಿಷರ ಕಂಟೋನ್ಮೆಂಟಿನ) ಬಂಗಲೆಗಳ ಜೊತೆ ಆ ರೂಪ ಇಲ್ಲಿಗೂ ಬಂತು. 1898ರಲ್ಲಿ ಪ್ಲೇಗ್ ಬಂದ ಮೇಲೆ ಪೇಟೆಯ ಇಕ್ಕಟ್ಟು ಬಿಟ್ಟ ಜನ ಮಲ್ಲೇಶ್ವರ, ಬಸವನಗುಡಿಯಲ್ಲಿ ಮನೆ ಕಟ್ಟಿಕೊಂಡರು. ಆಗ ನಮ್ಮ ಬಡಗಿಗಳ ಕೈಗೂ ಅದು ಸಿಕ್ಕಿತು. ಒಳಗೆ ದೇವರಮನೆ, ಅಂಗಳದಲ್ಲಿ ತುಳಸಿಕಟ್ಟೆ, ಕಿಟಕಿಗೆ ಮಂಕಿ ಟಾಪ್! ಈ ಜೋಡಿ ನನಗೆ ತುಂಬಾ ಇಷ್ಟ.

ಅದು ಸುಮ್ನೆ ಅಲಂಕಾರಕ್ಕಲ್ಲ. ಬಿಸಿಲು, ಇರಚಲು ತಡೆಯುತ್ತದೆ. ಪಟ್ಟಿಗಳ ಸಂದಿಯಿಂದ ಗಾಳಿ ಬರುತ್ತದೆ.

ಬಸವನಗುಡಿಯ ನಮ್ಮ ಮನೆಯಲ್ಲಿ ನಾನು ಒಂದು ಕಿಟಕಿಗೆ ಸಜ್ಜಾ ಹಾಕಿಸಿದ್ದೆ. ಸುಣ್ಣದ ಗಾರೆಯ ಗೋಡೆ ಅದು. ಸುತ್ತಲೂ ಸಿಮೆಂಟ್ ಮೆತ್ತಿದ್ದರಿಂದ ತೇವ ಆರಲಿಲ್ಲ. ಎರಡನೇ ಮಳೆಗಾಲಕ್ಕೆ ಒಳಗಿನ ಗಾರೆ ಉಬ್ಬಿ, ಪುಡಿಯಾಗಿ ಅಮ್ಮನ ಹೊಲಿಗೆ ಮೆಷಿನ್ ಮೇಲೆ ಉದುರಿತು. ಅಮ್ಮ ಏನೂ ಅನ್ನಲಿಲ್ಲ. ಮೆಷಿನನ್ನು ಪಕ್ಕದ ಕಿಟಕಿಗೆ, ಮಂಕಿ ಟಾಪ್ ಇದ್ದ ಕಡೆಗೆ, ಎಳೆದುಕೊಂಡರು.

ಆಮೇಲೆ ವಯಸ್ಸಾದ ಬಡಗಿಯೊಬ್ಬರನ್ನು ಕರೆಸಿದೆ. ಅವರು ಸ್ಕ್ರೂಡ್ರೈವರ್ ತುದಿಯಿಂದ ಒಂದೊಂದೇ ಪಟ್ಟಿ ಚುಚ್ಚಿ ನೋಡಿದರು. ಜಾಸ್ತಿ ಕೊಳೆತಿದ್ದು ಕೆಳತುದಿಗಳೇ. ನೀರು ತೊಟ್ಟಿಕ್ಕುವುದು ಅಲ್ಲೇ ಅಲ್ವಾ? ಹದಿನೇಳರಲ್ಲಿ ಐದು ಪಟ್ಟಿ ಮಾತ್ರ ಬದಲಾಯಿಸಿದರು. ಒಡೆದ ಮನೆಯಿಂದ ಬಂದ ಹಳೇ ತೇಗ ತಂದು, ಕೊಯ್ದ ತುದಿಗಳಿಗೆ ಮೊದಲು ಬಣ್ಣ ಕುಡಿಸಿ, ಆಮೇಲೆ ಕೂರಿಸಿದರು. ನೀವೂ ಹೀಗೇ ಮಾಡಿಸಿ. ಗಾರೆ ಕಿತ್ತಲ್ಲಿ ಸುಣ್ಣದ ಗಾರೆಯೇ ಇರಲಿ.

ಇನ್ನೊಂದು ಮಾತು. ಯಾವುದನ್ನೇ ಬಿಚ್ಚುವ ಮುಂಚೆ, ಚೆನ್ನಾಗಿ ಉಳಿದಿರುವ ಒಂದು ಪಟ್ಟಿಯ ಮೇಲೆ ನ್ಯೂಸ್‌ಪೇಪರ್ ಒತ್ತಿ ಹಿಡಿದು ಪೆನ್ಸಿಲಿನಿಂದ ತುದಿಯ ಆಕಾರ ಬರೆದುಕೊಳ್ಳಿ. ಪಕ್ಕದ ಮನೆಯದ್ದು ನೋಡಿ ಕೊಯ್ಯಿಸಿದರೆ ಹೊಂದುವುದಿಲ್ಲ. ನಿಮ್ಮ ತಾತನ ಬಡಗಿ ಕೊಟ್ಟ ಆಕಾರ ನಿಮ್ಮ ಮನೆಯದ್ದೇ.